ಪುಟಿಕಾಶಾಸ್ತ್ರ ಪ್ರವೇಶಿಕೆ: ಯಾದಗಿರಿ, ಶಹಾಪುರ, ಸುರಪುರ ಪ್ರಾಂತದ ಸ್ನೇಹಲಿಪ್ತ ಪತ್ರಾವರಣಗಳ ವರ್ಗೀಕರಣ

ಯಾದಗಿರಿ ಜಿಲ್ಲೆಯು 2009ರ ಡಿಸೆಂಬರ್ 30ರಂದು ಕಲಬುರಗಿಯಿಂದ ವಿಭಕ್ತವಾಗಿ ಸ್ವತಂತ್ರ ಅಸ್ತಿತ್ವವನ್ನು ಪಡೆಯಿತು. ಪ್ರತ್ಯೇಕ ಜಿಲ್ಲಾಧಿಕಾರಿ ಬಂದರು, ಪ್ರತ್ಯೇಕ ಖಜಾನೆ ಬಂದಿತು, ಪ್ರತ್ಯೇಕ ಜಿಲ್ಲಾ ಪಂಚಾಯತಿ ಬಂದಿತು. ಪ್ರತ್ಯೇಕ ಶಾಸ್ತ್ರವೊಂದು ಮಾತ್ರ ಬರಲಿಲ್ಲ. ಈ ನ್ಯೂನತೆಯ ನಿವಾರಣಾರ್ಥವಾಗಿ, ಜಿಲ್ಲೆಯ ಮೂಲ ತಾಲ್ಲೂಕುಗಳಾದ ಯಾದಗಿರಿ, ಶಹಾಪುರ, ಸುರಪುರಗಳ ಪೇಟೆಗಳನ್ನು ಕ್ಷೇತ್ರವಾಗಿಟ್ಟುಕೊಂಡು ಪುಟಿಕಾಶಾಸ್ತ್ರವೆಂಬ ನೂತನ ವಿದ್ಯಾಶಾಖೆಯನ್ನು ಇಲ್ಲಿ ಪ್ರತಿಷ್ಠಾಪಿಸಲಾಗುತ್ತಿದೆ. ಗುರುಮಠಕಲ್, ವಡಗೇರಾ, ಹುಣಸಗಿಗಳು ತರುವಾಯ ತಾಲ್ಲೂಕುಗಳಾದವು. ಅವುಗಳಿಗೆ ಪರಿಶಿಷ್ಟವೊಂದು ಮುಂದೆ ಸಲ್ಲಲಿದೆ.

ಲಕ್ಷಣವಾಕ್ಯ: ಭಕ್ಷ್ಯವಸ್ತುವನ್ನು ವಿಕ್ರೇತೃವಿನ ಹಸ್ತದಿಂದ ಭೋಕ್ತೃವಿನ ಹಸ್ತಕ್ಕೆ ಒಯ್ಯುವ ಸಲುವಾಗಿ ಮಡಿಸಿದ, ಸುತ್ತಿದ ಅಥವಾ ಹಿಸುಕಿದ ಪತ್ರವೇ ಪುಟಿಕೆ. ಪೇಟೆಯಲ್ಲಿ ಇದನ್ನೇ ಪುಡಿಕೆ, ಪೊಟ್ಟಣ, ಪಾರ್ಸಲ್ ಎಂದು ವ್ಯವಹರಿಸುತ್ತಾರೆ. ಈ ಲಕ್ಷಣದಿಂದ ಮೂರು ವಸ್ತುಗಳು ಬಹಿಷ್ಕೃತವಾಗುತ್ತವೆ. ಸ್ಟೀಲ್ ಡಬ್ಬಿಯು ಪತ್ರವಲ್ಲದ್ದರಿಂದ ಬಹಿಷ್ಕೃತ. ಪ್ಲಾಸ್ಟಿಕ್ ಚೀಲವು 2016ರಲ್ಲಿ ರಾಜ್ಯ ಸರ್ಕಾರದ ನಿಷೇಧಕ್ಕೆ ಒಳಗಾದುದರಿಂದ, ಕಣ್ಣಿಗೆ ಕಂಡರೂ ಶಾಸ್ತ್ರಕ್ಕೆ ಕಾಣತಕ್ಕದ್ದಲ್ಲ. ಉಡಿಯು ಭೋಕ್ತೃವಿನಿಂದ ಬೇರ್ಪಡಿಸಲಾಗದ ಆವರಣವಾದ್ದರಿಂದ ಅದನ್ನು ವಸ್ತ್ರಶಾಸ್ತ್ರಕ್ಕೆ ಬಿಟ್ಟುಕೊಡಲಾಗಿದೆ.

ವರ್ಗೀಕರಣವು ಈ ನೆಲಕ್ಕೆ ಹೊಸದಲ್ಲ. ಸುರಪುರದಲ್ಲಿ ಬ್ರಿಟಿಷ್ ಅಧಿಕಾರಿಯಾಗಿದ್ದ ಫಿಲಿಪ್ ಮೆಡೋಸ್ ಟೇಲರ್ ಹತ್ತೊಂಬತ್ತನೆಯ ಶತಮಾನದ ಮಧ್ಯದಲ್ಲಿ ಈ ಸೀಮೆಯ ಬೃಹತ್‌ಶಿಲಾ ಸಮಾಧಿಗಳನ್ನು ಅಳೆದು, ಅಗೆದು, ಬಗೆಬಗೆಯಾಗಿ ವಿಂಗಡಿಸಿ ಬರೆದನು. ಶಹಾಪುರದ ಬಳಿಯ ವಿಭೂತಿಹಳ್ಳಿಯಲ್ಲಿ ಸಾಲುಸಾಲಾಗಿ ಇಟ್ಟ ಬಂಡೆಗಳು ಇಂದಿಗೂ ಇವೆ. ಅವನ ಪರಿಶ್ರಮವನ್ನು ನಾವು ಗೌರವಿಸುತ್ತೇವೆ. ಆದರೆ ಶತಶತಮಾನ ಕದಲದೆ ಬಿದ್ದಿರುವ ಕಲ್ಲನ್ನು ವರ್ಗೀಕರಿಸುವವನಿಗೆ ಕಾಲಾವಕಾಶವಿದೆ. ಮೂರು ನಿಮಿಷದೊಳಗೆ ಉಂಡೆಯಾಗಿ ಚರಂಡಿ ಸೇರುವ ವಸ್ತುವನ್ನು ವರ್ಗೀಕರಿಸುವವನಿಗೆ ಅದಿಲ್ಲ. ಎರಡು ಶಾಸ್ತ್ರಗಳ ಕಾಠಿನ್ಯವನ್ನು ಹೋಲಿಸುವಾಗ ಈ ಅಂಶವನ್ನು ಗಣನೆಗೆ ತಂದುಕೊಳ್ಳಬೇಕು.

ಪುಟಿಕೆಯ ಉತ್ಪತ್ತಿಗೆ ನಿಮಿತ್ತಕಾರಣವು ಒಂದು ಪ್ರಶ್ನೆ. ಬಂಡಿಯ ಮುಂದೆ ನಿಂತ ಪ್ರತಿಯೊಬ್ಬನಿಗೂ ಅದು ಎದುರಾಗುತ್ತದೆ: “ಕಟ್ಟಲೇನ್ರಿ, ಇಲ್ಲೇ ತಿಂತೀರೇನ್ರಿ?” ಈ ಮೂಲಪ್ರಶ್ನೆಯಿಂದ ಸಮಸ್ತ ಭಕ್ಷ್ಯಪ್ರಪಂಚವು ಸ್ಥಾವರಭೋಜ್ಯ, ಜಂಗಮಭೋಜ್ಯ ಎಂದು ಇಬ್ಭಾಗವಾಗುತ್ತದೆ. ಮೊದಲನೆಯದಕ್ಕೆ ಪ್ಲೇಟು, ಎರಡನೆಯದಕ್ಕೆ ಪುಟಿಕೆ. “ಕಟ್ರಿ” ಎಂದು ಹೇಳಿ, ಕಟ್ಟಿಸಿಕೊಂಡು, ಎರಡು ಹೆಜ್ಜೆ ಆಚೆ ನಿಂತು ಬಿಚ್ಚಿ ತಿನ್ನುವವರ ಒಂದು ವರ್ಗ ಯಾದಗಿರಿ ರೈಲು ನಿಲ್ದಾಣದ ಹೊರಗೆ ವಿಪುಲವಾಗಿದೆ. ಇವರ ಭೋಜ್ಯವು ಸಂಕಲ್ಪದಲ್ಲಿ ಜಂಗಮ, ಪರಿಣಾಮದಲ್ಲಿ ಸ್ಥಾವರ. ಎರಡು ಹೆಜ್ಜೆಯೂ ಗಮನವೇ ಆದ್ದರಿಂದ ಜಂಗಮದಲ್ಲಿಯೇ ಇದರ ಅಂತರ್ಭಾವ.

ಇನ್ನು ವರ್ಗಕಾರಣದ ವಿಚಾರ. ಆಕಾರವನ್ನು ಆಧಾರವಾಗಿಸಿ ಶಂಕುಪುಟಿಕೆ, ಚತುರಸ್ರಪುಟಿಕೆ, ಪಿಂಡಪುಟಿಕೆ ಎಂದು ವಿಂಗಡಿಸಬಹುದೆಂದು ಕೆಲವರು ವಾದಿಸಿಯಾರು. ಶಂಕುವು ಗ್ರಾಹಕನ ಮುಷ್ಟಿಯಲ್ಲಿ ಚತುರಸ್ರವಾಗುತ್ತದೆ. ಚತುರಸ್ರವು ಸೈಕಲ್ ಕ್ಯಾರಿಯರಿನಲ್ಲಿ ಪಿಂಡವಾಗುತ್ತದೆ. ಪ್ರಯಾಣಮಧ್ಯದಲ್ಲಿ ಜಾತಿ ಬದಲಿಸುವ ವಸ್ತುವಿಗೆ ಆಕಾರವು ಲಕ್ಷಣವಾಗಲಾರದು. ಪುಟಿಕೆಯಲ್ಲಿ ಒಮ್ಮೆ ಬಂದರೆ ಹೋಗದಿರುವ ಲಕ್ಷಣ ಒಂದೇ, ಎಣ್ಣೆಯ ಕಲೆ. ಆದ್ದರಿಂದ ಸ್ನೇಹದ, ಅಂದರೆ ಎಣ್ಣೆಯ, ಉದ್ಗಮಸ್ಥಾನವನ್ನೇ ಆಧಾರವಾಗಿಸಿ ಪುಟಿಕೆಗಳನ್ನು ನಾಲ್ಕು ವರ್ಗಗಳಾಗಿ ವಿಂಗಡಿಸುತ್ತೇವೆ: 1. ಅಸ್ನೇಹ, 2. ಹಸ್ತಜಸ್ನೇಹ, 3. ಭಕ್ಷ್ಯಜಸ್ನೇಹ, 4. ಪತ್ರಜಸ್ನೇಹ.

ಪ್ರಥಮ ವರ್ಗವಾದ ಅಸ್ನೇಹಪುಟಿಕೆಗೆ ಕಿರಾಣಿ ಅಂಗಡಿಯ ಸಕ್ಕರೆ, ಚಹಾಪುಡಿ, ತೊಗರಿಬೇಳೆಗಳು ಉದಾಹರಣೆ. ಸಂಕ್ರಾಂತಿಗೆ ಮೈಲಾಪುರದ ಮಲ್ಲಯ್ಯನ ಜಾತ್ರೆಯಲ್ಲಿ ಕೊಳ್ಳುವ ಭಂಡಾರದ ಪುಡಿಕೆಯೂ ಇಲ್ಲಿ ಸೇರಬೇಕಲ್ಲವೇ, ಅರಿಶಿನದಲ್ಲಿ ಸುಗಂಧತೈಲವಿರುವುದರಿಂದ ಸೇರಬಾರದಲ್ಲವೇ ಎಂದು ದ್ವಿಮುಖ ಪೂರ್ವಪಕ್ಷ. ಭಂಡಾರವನ್ನು ಎರಚುತ್ತಾರೆ, ಹಚ್ಚಿಕೊಳ್ಳುತ್ತಾರೆ, ತಿನ್ನಲು ಕೊಳ್ಳುವುದಿಲ್ಲ. ಲಕ್ಷಣವಾಕ್ಯದಲ್ಲಿ ಭಕ್ಷ್ಯ ಎಂಬ ಪದವಿದೆ. ಆದ್ದರಿಂದ ಅದು ವರ್ಗದಿಂದಷ್ಟೇ ಅಲ್ಲ, ಶಾಸ್ತ್ರದಿಂದಲೇ ಹೊರಗೆ ಎಂದು ಸಿದ್ಧಾಂತ.

ಹಸ್ತಜಸ್ನೇಹಪುಟಿಕೆಯಲ್ಲಿ ಒಳಗಿನ ವಸ್ತು ಶುಷ್ಕ, ಕಟ್ಟಿದವನ ಕೈ ಮಾತ್ರ ಸ್ನಿಗ್ಧ. ಹೊರಮೈಯಲ್ಲಿ ಅಂಗುಷ್ಠಮುದ್ರೆ ಒಂದು, ಹಿಮ್ಮೈಯಲ್ಲಿ ಅಂಗುಲಿಮುದ್ರೆ ನಾಲ್ಕು. ಮುದ್ರೆಗಳು ಮೂರೇ ಇದ್ದರೆ ಕಿರುಬೆರಳು ದಾರ ಹಿಡಿದಿತ್ತೆಂದು ತಿಳಿಯತಕ್ಕದ್ದು. ಇದಕ್ಕಿಂತ ಹೆಚ್ಚಿನದನ್ನು ಈ ವರ್ಗ ಬೇಡುವುದಿಲ್ಲ.

ತೃತೀಯ ವರ್ಗವೇ ಈ ಪ್ರಾಂತದ ಹೆಮ್ಮೆ. ಭಕ್ಷ್ಯಜಸ್ನೇಹಪುಟಿಕೆಯ ಮೂಲಪ್ರಕೃತಿ ಮಿರ್ಚಿ ಭಜಿ. ಉದ್ದಕ್ಕೆ ಸೀಳಿದ ಹಸಿಮೆಣಸಿನಕಾಯಿಯ ಒಳಗೆ ಉಪ್ಪು, ಅಜವಾನ ಸವರಿ, ಕಡಲೆಹಿಟ್ಟಿನಲ್ಲಿ ಅದ್ದಿ, ಕಾದ ಎಣ್ಣೆಗೆ ಬಿಡುತ್ತಾರೆ. ಕಡಾಯಿಯಿಂದ ಎದ್ದ ಮಿರ್ಚಿಯು ರದ್ದಿಯ ಹಾಳೆಯ ಮೇಲೆ ಬಿದ್ದ ಕ್ಷಣದಿಂದ ಸ್ನೇಹಸಂಕ್ರಮಣ ಆರಂಭವಾಗುತ್ತದೆ. ಕಾಗದವು ಅಪಾರದರ್ಶಕವಾಗಿ ಕಾಣುವುದು ಸೆಲ್ಯುಲೋಸ್ ನಾರುಗಳ ನಡುವೆ ಗಾಳಿ ಸಿಕ್ಕಿಕೊಂಡಿರುವುದರಿಂದ. ಗಾಳಿಯ ವಕ್ರೀಭವನಾಂಕ 1, ಸೆಲ್ಯುಲೋಸಿನದು ಸುಮಾರು 1.5, ಈ ಅಂತರದಿಂದಾಗಿ ಬೆಳಕು ಪ್ರತಿ ನಾರಿನಲ್ಲೂ ತಿರುಗಿ ತಿರುಗಿ ಚದುರುತ್ತದೆ. ಶೇಂಗಾ ಎಣ್ಣೆಯ ವಕ್ರೀಭವನಾಂಕ ಸುಮಾರು 1.47. ಅದು ಗಾಳಿಯನ್ನು ಹೊರದೂಡಿ ತಾನು ನಿಂತಾಗ ಬೆಳಕಿಗೆ ಚದುರಲು ಕಾರಣ ಉಳಿಯುವುದಿಲ್ಲ. ಹಾಳೆ ಅರೆಪಾರದರ್ಶಕವಾಗುತ್ತದೆ, ಹಿಂದಿನ ಪುಟವು ಮುಂದಿನ ಪುಟದಲ್ಲಿ ಪ್ರಾದುರ್ಭವಿಸುತ್ತದೆ. ಮುಂದಿನ ಪುಟದ ಮಂತ್ರಿಗಳ ಭರವಸೆಯೂ ಹಿಂದಿನ ಪುಟದ ತೊಗರಿಯ ಧಾರಣೆಯೂ ಒಂದೇ ಸ್ಥಾನದಲ್ಲಿ, ಒಂದು ಋಜುವಾಗಿ, ಇನ್ನೊಂದು ಪ್ರತಿಬಿಂಬವಾಗಿ ಗೋಚರಿಸುವ ಈ ಸ್ಥಿತಿಗೆ ವಾರ್ತಾಸಮಾಗಮ ಎಂದು ಹೆಸರಿಡಲಾಗಿದೆ. ಎಣ್ಣೆ ಬಿಸಿಯಾಗಿದ್ದಷ್ಟೂ ತೆಳುವಾಗಿ ಬೇಗ ಹರಡುವುದರಿಂದ, ಸಮಾಗಮದ ವೇಗವು ಮಿರ್ಚಿಯ ತಾಜಾತನಕ್ಕೆ ಪ್ರಮಾಣವಾಗುತ್ತದೆ. ಧಾರಣೆಯನ್ನು ಓದಲು ಬಹಳ ಹೊತ್ತು ಬೇಕಾದರೆ ಮಿರ್ಚಿ ಹಳೆಯದು.

ಈ ವರ್ಗದ ಪುಟಿಕೆಗಳು ಲಿಪಿಭೇದದಿಂದ ಚತುರ್ವಿಧ. ಹೈದರಾಬಾದ್ ಸಂಸ್ಥಾನದಲ್ಲಿದ್ದ ಸೀಮೆಯಾದ್ದರಿಂದ ಇಲ್ಲಿಯ ರದ್ದಿಯಲ್ಲಿ ಕನ್ನಡ, ಉರ್ದು, ತೆಲುಗು, ಇಂಗ್ಲಿಷ್ ನಾಲ್ಕೂ ದೊರೆಯುತ್ತವೆ. ಮೇಲ್ನೋಟಕ್ಕೆ ಅಪ್ರಸ್ತುತವೆನಿಸುವ ಈ ಭೇದವು ಚುರುಮುರಿಯ ಶಂಕುವಿನಲ್ಲಿ ನಿರ್ಣಾಯಕವಾಗುತ್ತದೆ. ಶಂಕುವು ಸುತ್ತಿನ ದಿಕ್ಕಿನಿಂದ ವಾಮಾವರ್ತ, ದಕ್ಷಿಣಾವರ್ತ ಎಂದು ದ್ವಿವಿಧ. ವಿಕ್ರೇತೃವು ತನ್ನ ಕೈಯ ರೂಢಿಯನ್ನು ಅನುಸರಿಸುತ್ತಾನೆಯೇ ಹೊರತು ಲಿಪಿಯ ರೂಢಿಯನ್ನಲ್ಲ. ಎಡ ಅಂಚಿನಿಂದ ಸುತ್ತಲಾರಂಭಿಸಿದ ಶಂಕುವನ್ನು ಬಿಚ್ಚುವಾಗ ಬಲ ಅಂಚು ಮೊದಲು ತೆರೆಯುತ್ತದೆ. ಆಗ ಕನ್ನಡದ ವಾರ್ತೆಯು ಸಾಲಿನ ಅಂತ್ಯದಿಂದಲೂ, ಉರ್ದುವಿನದು ಸಾಲಿನ ಆದಿಯಿಂದಲೂ ಓದುಗನಿಗೆ ಪ್ರಾಪ್ತವಾಗುತ್ತದೆ. ಬಲದಿಂದ ಸುತ್ತಿದರೆ ವಿಪರ್ಯಯ. ತಿನ್ನುತ್ತ ಓದುವವನು ಕ್ರಿಯಾಪದವನ್ನು ಮೊದಲು ತಿಳಿದು ಕರ್ತೃವಿಗಾಗಿ ಚುರುಮುರಿ ಮುಗಿಯುವವರೆಗೆ ಕಾಯಬೇಕಾದ ಪ್ರಸಂಗಗಳು ಇದರಿಂದಲೇ ಉಂಟಾಗುತ್ತವೆ.

ಪುಟಭೇದವನ್ನು ಸಂಕ್ಷೇಪವಾಗಿ ಹೇಳುವುದಾದರೆ, ಟೆಂಡರ್ ಪ್ರಕಟಣೆಯ ಪುಟ ಮಸಿಭಾರವುಳ್ಳದ್ದು, ಭಾನುವಾರದ ಪುರವಣಿ ನುಣುಪಾಗಿದ್ದರೆ ಎಣ್ಣೆ ಹೀರದು. ಉತ್ತರಪತ್ರಿಕೆಗಳ ಪುಟಿಕೆ ಉಪವರ್ಗವೇ ಹೌದು, ಅಂಕಗಳ ಗೋಪ್ಯತೆಯ ದೃಷ್ಟಿಯಿಂದ ಅದರ ವಿವರಣೆಯನ್ನು ಕೈಬಿಡಲಾಗಿದೆ.

ಮಸಿಯನ್ನು ಕುರಿತು ಎರಡು ಮಾತು ಅವಶ್ಯಕ. ದಿನಪತ್ರಿಕೆಗಳ ಸಾಮಾನ್ಯ ಮುದ್ರಣದಲ್ಲಿ ಬಳಸುವ ಮಸಿ ಶಾಖದಿಂದ ಒಣಗುವುದಿಲ್ಲ. ಖನಿಜತೈಲದಲ್ಲಿ ಕಲಸಿದ ಆ ಕಪ್ಪು ಕಾಗದದೊಳಕ್ಕೆ ಇಂಗಿ ನಿಲ್ಲುತ್ತದೆ, ಪೂರ್ಣವಾಗಿ ಎಂದಿಗೂ ಒಣಗದು. ಬೆಳಿಗ್ಗೆ ಪೇಪರ್ ಓದಿದವರ ಬೆರಳು ಇದಕ್ಕೆ ಸಾಕ್ಷಿ. ಇಂಥ ಹಾಳೆಗೆ ಬಿಸಿ ಎಣ್ಣೆ ತಗುಲಿದಾಗ ಸಂಕ್ರಮಣವು ಏಕಮುಖವಾಗಿರುವುದಿಲ್ಲ. ಭಕ್ಷ್ಯದ ಸ್ನೇಹ ಪತ್ರಕ್ಕೆ ಹೋಗುವುದು ಅನುಲೋಮ. ಪತ್ರದ ಮಸಿ ಭಕ್ಷ್ಯಕ್ಕೆ ಬರುವುದು ಪ್ರತಿಲೋಮ. ಮಿರ್ಚಿ ತಿಂದವನ ಹೊಟ್ಟೆಗೆ ವಾರ್ತೆಯ ಯತ್ಕಿಂಚಿತ್ ಅಂಶ ಸೇರುತ್ತದೆ. ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು 2016ರಲ್ಲಿ ಇದನ್ನು ಎಚ್ಚರಿಸಿತು, 2018ರ ಪ್ಯಾಕೇಜಿಂಗ್ ನಿಯಮಾವಳಿಯಲ್ಲಿ ಪತ್ರಿಕೆಯಲ್ಲಿ ಆಹಾರ ಸುತ್ತುವುದನ್ನು ನಿಷೇಧಿಸಿತು, 2023ರಲ್ಲಿ ಪುನಃ ಎಚ್ಚರಿಸಿತು. ತತ್ಪರಿಣಾಮವಾಗಿ ಈ ವರ್ಗವು ವಿಧಿತಃ ಲುಪ್ತ, ವಸ್ತುತಃ ಸಾಯಂಕಾಲ ಐದರ ನಂತರ ಜೀವಂತ. ಪ್ರಾಣಿಶಾಸ್ತ್ರದಲ್ಲಿ ಅಳಿದ ಜೀವಿಯು ಪುನಃ ಕಂಡರೆ ಹರ್ಷ. ನಮ್ಮ ಶಾಸ್ತ್ರದಲ್ಲಿ ದಂಡ.

ಈ ಲೋಪದಿಂದ ತೆರವಾದ ಪೀಠಕ್ಕೆ ಪ್ರಬಲ ಅಭ್ಯರ್ಥಿಯಾಗಿ ಚತುರ್ಥ ವರ್ಗವು ಬರುತ್ತದೆ. ಪತ್ರಜಸ್ನೇಹಪುಟಿಕೆಯಲ್ಲಿ ಎಣ್ಣೆಯು ಭಕ್ಷ್ಯದಿಂದ ಬರುವುದಿಲ್ಲ, ಭಕ್ಷ್ಯಕ್ಕಿಂತ ಮೊದಲೇ ಕಾಗದದ ಮೇಲೆ ಉಪಸ್ಥಿತವಿರುತ್ತದೆ. ಆ ಎಣ್ಣೆಯು ಕಡಾಯಿಯ ಸ್ಥಿರತೈಲವೂ ಅಲ್ಲ. ಲವಂಗ, ದಾಲ್ಚಿನ್ನಿ, ಅಜವಾನ, ಮಜ್ಜಿಗೆಹುಲ್ಲು ಮೊದಲಾದ ಸಸ್ಯಗಳಿಂದ ಹಬೆಯ ಮೂಲಕ ಭಟ್ಟಿ ಇಳಿಸಿದ ಚರತೈಲ. ಈ ಎರಡರ ವಿವೇಚನೆಗೆ ರಸಾಯನಶಾಲೆ ಬೇಕಿಲ್ಲ, ಒಂದು ಹಾಳೆ ಸಾಕು. ಎರಡರದೂ ಒಂದೊಂದು ಹನಿಯನ್ನು ಹಾಳೆಗೆ ಬಿಟ್ಟು ಬಿಸಿಲಲ್ಲಿಟ್ಟರೆ ಶೇಂಗಾ ಎಣ್ಣೆಯ ಕಲೆ ಉಳಿಯುತ್ತದೆ, ಅಪ್ಪಟ ಚರತೈಲದ ಕಲೆ ಹಾರಿಹೋಗುತ್ತದೆ. ಕಲೆಯನ್ನೇ ವರ್ಗಕಾರಣವಾಗಿಸಿದ ಶಾಸ್ತ್ರಕ್ಕೆ ಕಲೆಯನ್ನುಳಿಸದ ಎಣ್ಣೆಯು ಬಂದೊದಗಿದ್ದು ಗಂಭೀರ ಸಂಕಟ. ಆದಕಾರಣ ಈ ವರ್ಗದಲ್ಲಿ ಚಕ್ಷುಪ್ರಮಾಣವನ್ನು ಬಿಟ್ಟು ಘ್ರಾಣಪ್ರಮಾಣವನ್ನು ಸ್ವೀಕರಿಸಲಾಗಿದೆ.

ಭಕ್ಷ್ಯ ಕೆಡದಂತೆ ಈ ತೈಲವು ಸೂಕ್ಷ್ಮಜೀವಿಗಳನ್ನು ತಡೆಯುವ ಕಾರ್ಯವಿಧಾನ ಹೀಗಿದೆ. ಲವಂಗದ ಯೂಜೆನಾಲ್, ಅಜವಾನದ ಥೈಮಾಲ್, ದಾಲ್ಚಿನ್ನಿಯ ಸಿನ್ನಮಾಲ್ಡಿಹೈಡ್ ಇವು ಕೊಬ್ಬಿನಲ್ಲಿ ಸುಲಭವಾಗಿ ಬೆರೆಯುವ ದ್ರವ್ಯಗಳು. ಥೈಮಾಲ್, ಯೂಜೆನಾಲ್‌ಗಳು ಸೂಕ್ಷ್ಮಜೀವಿಯ ಕೋಶಪೊರೆಯಲ್ಲಿ ಸೇರಿಕೊಂಡು ಅದನ್ನು ಸಡಿಲಿಸುತ್ತವೆ. ಒಳಗಿರಬೇಕಾದ ಅಯಾನುಗಳು ಹೊರಕ್ಕೆ ಸೋರುತ್ತವೆ, ಜೀವಿ ಕುಂಠಿತವಾಗುತ್ತದೆ ಅಥವಾ ಸಾಯುತ್ತದೆ. ತೈಲವು ಆವಿಯಾಗಿಯೂ ಕೆಲಸಮಾಡುವುದರಿಂದ ಕಾಗದವು ಭಕ್ಷ್ಯವನ್ನು ಮುಟ್ಟಲೇಬೇಕೆಂಬ ನಿಯಮವಿಲ್ಲ. ಇದನ್ನಾಧರಿಸಿ ಎರಡು ಉಪವರ್ಗಗಳು. ಸುತ್ತಿದರೆ ವೇಷ್ಟಿತ, ಬುಟ್ಟಿಯೊಳಗೆ ಸುಮ್ಮನೆ ಇಟ್ಟರೆ ನಿಕ್ಷಿಪ್ತ. ಸ್ಪೇನಿನ ಸರಗೋಸಾದ ಸಂಶೋಧಕರು ದಾಲ್ಚಿನ್ನಿ ತೈಲವನ್ನು ಪ್ಯಾರಫಿನ್ ಮೇಣದಲ್ಲಿ ಬೆರೆಸಿ ಕಾಗದಕ್ಕೆ ಸವರಿ, ಬ್ರೆಡ್ಡಿನ ಮೇಲೆ ರೈಜೋಪಸ್ ಎಂಬ ಬೂಷ್ಟು ಏಳದಂತೆ ತಡೆದುದನ್ನು 2008ರಲ್ಲಿ ಪ್ರಕಟಿಸಿದರು. ಲೇಪದಲ್ಲಿ ತೈಲದ ಪ್ರಮಾಣ ಶೇಕಡಾ 6. ಅದು ವೇಷ್ಟಿತಕ್ಕೆ ನಿದರ್ಶನ. ಭಾರತೀಯ ಮೂಲದ ಅಮೆರಿಕನ್ ಕವಿತಾ ಶುಕ್ಲಾ ಅವರು ಮೆಂತ್ಯ ಮೊದಲಾದ ಸಾಂಬಾರದ್ರವ್ಯಗಳ ಸಾರದಿಂದ ರೂಪಿಸಿದ, ಹಣ್ಣಿನ ಬುಟ್ಟಿಯಲ್ಲಿ ಹಾಕಿಡುವ ಫ್ರೆಶ್‌ಪೇಪರ್ ನಿಕ್ಷಿಪ್ತಕ್ಕೆ ಸಮೀಪ. ಹೂರಣದ ಹೋಳಿಗೆಯ ಡಬ್ಬಿಯಲ್ಲಿ ಅಡಿಗೆ ಹಾಸುವ ಹಾಳೆಯನ್ನು ಸುತ್ತಿಯೂ ಇಲ್ಲ, ಸುಮ್ಮನೆ ಇಟ್ಟೂ ಇಲ್ಲ. ಅದಕ್ಕಾಗಿ ಆಸ್ತೃತ ಎಂಬ ಮೂರನೆಯ ಉಪವರ್ಗವನ್ನು ಕಲ್ಪಿಸಬೇಕಾಯಿತು.

ಒಂದು ಪೂರ್ವಪಕ್ಷವನ್ನು ಇಲ್ಲಿಯೇ ಪರಿಹರಿಸುವುದು ಲೇಸು. ಭದ್ರಾವತಿಯ ಮೈಸೂರು ಕಾಗದ ಕಾರ್ಖಾನೆ ನೀಲಗಿರಿ ಮರದ ತಿರುಳಿನಿಂದಲೂ ಕಾಗದ ಮಾಡುತ್ತಿತ್ತು, ನೀಲಗಿರಿಯಲ್ಲಿ ಚರತೈಲವಿದೆ, ಆದುದರಿಂದ ಆ ಕಾಗದದ ಪುಡಿಕೆಗಳೆಲ್ಲ ಜನ್ಮತಃ ಪತ್ರಜಸ್ನೇಹವಲ್ಲವೇ? ಅಲ್ಲ. ನೀಲಗಿರಿಯ ತೈಲ ಎಲೆಯಲ್ಲಿದೆ, ಕಾಗದಕ್ಕೆ ಹೋಗುವುದು ಕಾಂಡ. ಹೋದ ಕಾಂಡವನ್ನೂ ಕ್ಷಾರದಲ್ಲಿ ಬೇಯಿಸುತ್ತಾರೆ. ನೆಗಡಿಗೆ ಪತ್ರಿಕೆಯನ್ನು ಮೂಸುವುದರಿಂದ ಪ್ರಯೋಜನವಿಲ್ಲ ಎಂಬುದು ಲೋಕಾನುಭವಸಿದ್ಧ.

ಈಗ ಚತುರ್ಥ ವರ್ಗವು ಈ ಪ್ರಾಂತಕ್ಕೆ ಎಷ್ಟು ಹೊಂದೀತು ಎಂಬ ಅಧಿಕಾರನಿರ್ಣಯ. ಭಕ್ಷ್ಯದ ಜಲಾಂಶ, ಭಕ್ಷ್ಯದ ಆಯುಷ್ಯ ಎಂಬ ಎರಡು ರೇಖೆಗಳನ್ನು ಅಡ್ಡಲಾಗಿ ಎಳೆದರೆ ನಾಲ್ಕು ಕೋಷ್ಠಗಳು ಲಭಿಸುತ್ತವೆ.

ಆರ್ದ್ರ ಮತ್ತು ಅಲ್ಪಾಯು ಕೋಷ್ಠದಲ್ಲಿ ಮಿರ್ಚಿ. ಅತ್ಯನುಕೂಲ ಪರಿಸ್ಥಿತಿಯಲ್ಲಿ ಇ. ಕೋಲಿ ಎಂಬ ಜೀವಾಣುವು ಒಂದರಿಂದ ಎರಡಾಗಲು ಸುಮಾರು 20 ನಿಮಿಷ ತೆಗೆದುಕೊಳ್ಳುತ್ತದೆ. ಯಾದಗಿರಿಯ ಬಂಡಿಯಿಂದ ಹೊರಟ ಮಿರ್ಚಿಯ ಆಯುಷ್ಯ ಅದಕ್ಕಿಂತ ಕಡಿಮೆ. ಮನೆಯಲ್ಲಿ ಮಕ್ಕಳಿದ್ದರೆ ಇನ್ನೂ ಕಡಿಮೆ. ಜೀವಾಣುವಿನ ಒಂದು ತಲೆಮಾರು ತಲೆಯೆತ್ತುವ ಮುನ್ನವೇ ಅದರ ರಾಜ್ಯ ಅಳಿದಿರುತ್ತದೆ. ಇಲ್ಲಿ ಸೂಕ್ಷ್ಮಜೀವಿನಾಶಕ ಕಾಗದವು ನಿರುದ್ಯೋಗಿ. ಸುಸಲ, ಒಗ್ಗರಣೆ ಅವಲಕ್ಕಿಗಳದೂ ಇದೇ ಗತಿ.

ಶುಷ್ಕ ಮತ್ತು ದೀರ್ಘಾಯು ಕೋಷ್ಠದಲ್ಲಿ ಕಡಕ್ ರೊಟ್ಟಿ, ಶೇಂಗಾ ಹಿಂಡಿ. ಜಲಚಟುವಟಿಕೆ 0.6ಕ್ಕಿಂತ ಕೆಳಗಿಳಿದ ಆಹಾರದಲ್ಲಿ ಯಾವ ಸೂಕ್ಷ್ಮಜೀವಿಯೂ ಬೆಳೆಯಲಾರದು. ಚೆನ್ನಾಗಿ ಒಣಗಿಸಿದ ಜೋಳದ ರೊಟ್ಟಿಯು ವಾರಗಟ್ಟಲೆ ಕೆಡದಿರುವುದಕ್ಕೆ ಇದೇ ಕಾರಣ. ಹಸಿವಿನ ಹೊರತು ಅದಕ್ಕೆ ಬೇರೆ ಶತ್ರುವಿಲ್ಲ. ಶುಷ್ಕ ಮತ್ತು ಅಲ್ಪಾಯು ಕೋಷ್ಠವು ಚುರುಮುರಿಯದು, ಅದನ್ನು ಶಂಕುಪ್ರಕರಣದಲ್ಲಿ ಹೇಳಿಯಾಯಿತು.

ಉಳಿದ ಕೋಷ್ಠ ಆರ್ದ್ರ ಮತ್ತು ದೀರ್ಘಾಯು. ಬೇಕರಿಯ ಬ್ರೆಡ್ಡು, ಹೋಳಿಗೆ, ಖವಾ. ಬೂಸರ ಬರುವುದು ಇವುಗಳಿಗೇ. ಚತುರ್ಥ ವರ್ಗದ ನ್ಯಾಯಸಮ್ಮತ ಸಾಮ್ರಾಜ್ಯ ಇಷ್ಟೇ, ಅದರಲ್ಲೂ ಎರಡು ಪ್ರತಿಬಂಧಗಳಿವೆ. ಮೊದಲನೆಯದು ರುಚಿಸಾಂಕರ್ಯ. ಬೂಷ್ಟನ್ನು ತಡೆಯುವಷ್ಟು ತೈಲವಿದ್ದರೆ ನಾಲಿಗೆಗೂ ಅದು ತಿಳಿಯುವುದು ಸಾಮಾನ್ಯ. ಹೋಳಿಗೆಗೆ ಏಲಕ್ಕಿಯ ಗಂಧ ಸಮ್ಮತ, ಲವಂಗದ್ದು ವಿವಾದಾಸ್ಪದ, ಬೆಳ್ಳುಳ್ಳಿಯದು ಬೀಗರ ಸಂಬಂಧವನ್ನೇ ಕೆಡಿಸುವಂಥದ್ದು. ಎರಡನೆಯದು ಋತುಬಾಧೆ. ಮೇ ತಿಂಗಳಲ್ಲಿ ಈ ಸೀಮೆಯ ಉಷ್ಣಾಂಶ 40 ಡಿಗ್ರಿ ದಾಟುತ್ತದೆ. ಚರತೈಲವು ಭಕ್ಷ್ಯವನ್ನು ರಕ್ಷಿಸುವುದಕ್ಕೆ ಮೊದಲು ಸ್ವತಃ ಪಲಾಯನ ಮಾಡುತ್ತದೆ. ಆದ್ದರಿಂದಲೇ ಅದನ್ನು ಮೇಣ, ಪಿಷ್ಟ, ಅಥವಾ ಸೀಗಡಿಯ ಚಿಪ್ಪಿನಿಂದ ತೆಗೆದ ಕೈಟೊಸಾನ್‌ನಲ್ಲಿ ಬಂಧಿಸಿ ನಿಧಾನವಾಗಿ ಬಿಡುವ ಉಪಾಯಗಳನ್ನು ತಜ್ಞರು ಹುಡುಕಿದ್ದಾರೆ. ಪ್ಯಾರಫಿನ್ ಮೇಣದ ಕೆಲವು ಬಗೆಗಳು 50 ಡಿಗ್ರಿಯ ಆಸುಪಾಸಿನಲ್ಲಿಯೇ ಕರಗುತ್ತವೆ. ಜೇವರ್ಗಿಯಿಂದ ಶಹಾಪುರಕ್ಕೆ ಬರುವ ಮಧ್ಯಾಹ್ನದ ಬಸ್ಸಿನ ಕಿಟಕಿಪಕ್ಕದ ಸೀಟನ್ನು ಬಲ್ಲವರಿಗೆ ಈ ಅಂಕಿಯ ಅರ್ಥವಾಗುತ್ತದೆ. ಕೈಟೊಸಾನ್ ಇದಕ್ಕಿಂತ ದೃಢ, ಆದರೆ ಸೀಗಡಿ ಎಂದು ತಿಳಿದ ಮೇಲೆ ಅದರಲ್ಲಿ ಹೋಳಿಗೆ ಕಟ್ಟಿಸಿಕೊಳ್ಳುವ ಶಾಕಾಹಾರಿ ಮನೆ ಯಾವುದು ಎಂಬುದು ರಸಾಯನಶಾಸ್ತ್ರದ ವ್ಯಾಪ್ತಿಗೆ ಬರದ ಪ್ರಶ್ನೆ.

ನಾಲ್ಕು ವರ್ಗಗಳಲ್ಲಿ ಅಡಗದ ಒಂದು ವಸ್ತು ಉಳಿಯಿತು. ಅದನ್ನು ಪಂಚಮ ವರ್ಗವೆನ್ನದೆ ವರ್ಗಾತೀತವೆಂದು ಗಣಿಸಿದ್ದೇವೆ. ಅದು ಬೀಡಾ.

ಬೀಡಾದ ಆವರಣ ವೀಳ್ಯದೆಲೆ. ಆ ಎಲೆಗೆ ತನ್ನದೇ ಚರತೈಲವಿದೆ. ತಳಿಗನುಗುಣವಾಗಿ ಅದರಲ್ಲಿ ಯೂಜೆನಾಲ್, ಚಾವಿಬೆಟಾಲ್ ಮೊದಲಾದವು ಇರುತ್ತವೆ, ಸೂಕ್ಷ್ಮಜೀವಿಗಳನ್ನು ತಡೆಯುವ ಗುಣವೂ ಇದೆ. ಲೇಪಿಸಬೇಕಿಲ್ಲ, ಬಂಧಿಸಬೇಕಿಲ್ಲ, ತೈಲವು ಎಲೆಯ ಕೋಶದೊಳಗೆ ನಿಸರ್ಗತಃ ಬಂಧಿತವಾಗಿದ್ದು ಜಗಿದಾಗ ಮಾತ್ರ ವಿಮುಕ್ತವಾಗುತ್ತದೆ. ಪುಟಿಕೆಯನ್ನು ದಾರದಿಂದಲೋ ಸ್ಟೇಪ್ಲರ್ ಪಿನ್ನಿನಿಂದಲೋ ಅಲ್ಲ, ಲವಂಗದಿಂದ ಕೀಲಿಸುತ್ತಾರೆ. ಲವಂಗತೈಲದ ಬಹುಭಾಗ ಯೂಜೆನಾಲ್. ಸರಗೋಸಾದ ಕಾಗದಕ್ಕೆ ಇಲ್ಲದ, ಜೀವಾಣುನಾಶಕವಾದ ಮೊಳೆ ಇದಕ್ಕಿದೆ. ಮಡಿಕೆಯು ತ್ರಿಕೋನ, ಆಕಾರಾಧಾರಿತ ವರ್ಗೀಕರಣವನ್ನು ನಾವು ತಿರಸ್ಕರಿಸಿದ್ದರೂ ಇದರ ತ್ರಿಕೋನತ್ವವು ಜೇಬಿನಲ್ಲಿ ಸಹ ಕೆಡದಿರುವುದನ್ನು ದಾಖಲಿಸದೆ ಇರಲಾಗದು. ಮಸಿ ಇಲ್ಲದ್ದರಿಂದ ಪ್ರತಿಲೋಮ ಸಂಕ್ರಮಣವಿಲ್ಲ, ಪ್ರಾಧಿಕಾರದ ಆಕ್ಷೇಪವೂ ಇಲ್ಲ. ರುಚಿಸಾಂಕರ್ಯವು ಇತರೆಡೆ ದೋಷ, ಇಲ್ಲಿ ಉದ್ದೇಶ. ಪಾನ್ ಅಂಗಡಿಯವನು ಇದರ ಮೇಲೆ ಪುನಃ ಪತ್ರಿಕೆಯ ಚೂರೊಂದನ್ನು ಸುತ್ತಿಕೊಡುವುದು ಶಾಸ್ತ್ರವನ್ನರಿಯದ ಉಪಚಾರ.

ಪುಟಿಕೆಯೂ ಭಕ್ಷ್ಯವೂ ಒಂದೇ ಆಗಿರುವುದರಿಂದ ಉಳಿದ ವರ್ಗಗಳಿಗೆ ಮುಂದೆ ಬರೆಯಬೇಕಾಗಿರುವ ವಿಸರ್ಜನಪ್ರಕರಣವನ್ನು ಬೀಡಾಕ್ಕೆ ಬರೆಯುವ ಅಗತ್ಯ ಬೀಳುವುದಿಲ್ಲ ಎಂದು ತೋರಬಹುದು. ಲವಂಗದ ದೆಸೆಯಿಂದ ಬೀಳುತ್ತದೆ. ಲವಂಗಸಹಿತ ಜಗಿಯುವವನ ಭೋಗ ನಿರವಶೇಷ. ಲವಂಗ ಕಿತ್ತೆಸೆದು ಜಗಿಯುವವನದು ಸಾವಶೇಷ. ಕಿತ್ತ ಲವಂಗವನ್ನು ಎಸೆಯದೆ ಅಂಗಿಯ ಜೇಬಿಗೆ ಸೇರಿಸಿಕೊಳ್ಳುವ ಮೂರನೆಯ ಪಂಗಡವೊಂದು ಸುರಪುರದ ಬಸ್ ನಿಲ್ದಾಣದ ಪರಿಸರದಲ್ಲಿ ಗೋಚರವಾಗಿದೆ, ಇವರಿಗೆ ನಿಧಿಕರೆಂದು ಸಂಜ್ಞೆ. ವಿಚಾರಿಸಲಾಗಿ ಹಲ್ಲುನೋವು ಬಂದಾಗ ಬೇಕಾಗುತ್ತದೆಂದು ಉತ್ತರ ದೊರೆಯಿತು. ಯೂಜೆನಾಲ್ ನೋವನ್ನು ಮರಗಟ್ಟಿಸುವುದು ನಿಜ. ಆದರೆ ಜೇಬು ಸೇರಿದ ಕ್ಷಣದಿಂದ ಆ ಲವಂಗವು ಕೀಲವಾಗಿ ಉಳಿಯುವುದಿಲ್ಲ, ದಂತವೈದ್ಯಕ್ಕೆ ವರ್ಗಾವಣೆಗೊಳ್ಳುತ್ತದೆ.